ತಮ್ಮ ಓದಿ ಹೇಳಿದ ಚುಟುಕಗಳು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ಹೆಂಗಸು, ಅವರ ತಮ್ಮ ಕೂತಿದ್ದರು. ಅಕ್ಕನಿಗೆ ಅಂದು ಪೊರೆ ತೆಗೆಯುವ ಆಪರೇಷನ್. ಕೇಳಬಾರದೆಂದು ನಾನು ಮುಖ ತಿರುಗಿಸಿಕೊಂಡೆ, ಆದರೂ ಕೇಳಿಸಿತು.

"ಅಕ್ಕ, ನಾಳೆ ಪಟ್ಟಿ ಬಿಚ್ಚಿದ ಮೇಲೆ ಪತ್ರಿಕೇಲಿ ನನ್ನ ಚುಟುಕ ಹುಡುಕಬೇಡ."

"ಯಾಕೋ, ಈ ವಾರ ಬರಲಿಲ್ವಾ?"

"ಎರಡು ವರ್ಷದಿಂದ ಬರ್ತಿಲ್ಲ. ಆ ಮಂತ್ರಿ ಮೇಲೆ ಬರೆದಿದ್ದೇ ಕೊನೇದು."

"'ಸುಳ್ಳು ಹೇಳೆನೆಂದು ಮಂತ್ರಿ ಆಣೆಯಿಟ್ಟರು, ಆ ಸುಳ್ಳಿನಿಂದಲೇ ದಿನದ ಕೆಲಸ ಶುರುವಿಟ್ಟರು.' ಅದಾ?"

"ಅದೇ. ಆಮೇಲೆ ಸಂಪಾದಕರು ಇನ್ನು ಬೇಡ ಅಂದ್ಬಿಟ್ರು."

"ಮತ್ತೆ ಪ್ರತಿ ಭಾನುವಾರ ಪತ್ರಿಕೆ ಹಿಡ್ಕೊಂಡು ನನಗೆ ಓದಿ ಹೇಳ್ತಿದ್ದೆಯಲ್ಲೋ."

"ಪತ್ರಿಕೆ ಹಿಡ್ಕೋತಿದ್ದೆ. ಚುಟುಕ ಅಲ್ಲೇ ಕಟ್ಟಿ ಹೇಳ್ತಿದ್ದೆ. ಗೊತ್ತಾದ್ರೆ ನೊಂದ್ಕೋತೀಯ ಅಂತ."

"ಪಕ್ಕದ ಮನೆಯವಳು ನಾನೂ ಓದಿದೆ, ಚೆನ್ನಾಗಿತ್ತು ಅಂತಿದ್ಳು."

"ಅವಳೂ ನಿನ್ನ ಮನಸ್ಸು ನೋಯಿಸಬಾರದು ಅಂತ ಹೇಳಿರಬೇಕು."

ಅಕ್ಕ ಸ್ವಲ್ಪವೇ ನಕ್ಕರು.

"ಇನ್ನು ಮಂತ್ರೀನ ಬೈಯೋಕೆ ನಮಗೆ ಬಾಯೆಲ್ಲಿದೆ ಬಿಡು. ಹೋಗ್ಲಿ, ಅವನ್ನೆಲ್ಲ ಬರೆದಿಟ್ಟಿದ್ದೀಯಾ?"

"ಇಲ್ಲ. ನಿನ್ನೆದುರು ಹೊಳೆದಿದ್ದು, ಅಲ್ಲಿಗೇ ಮರೆತುಹೋಯ್ತು."

"ಒಂದೂ ಇಲ್ವಾ?"

"ಒಂದೂ ಇಲ್ಲ ಅಕ್ಕ."

"ಈ ವಯಸ್ಸಲ್ಲಿ ಆಪರೇಷನ್ ಬೇಡ ಅಂತಲೇ ಇದ್ದೆ. ನಿನ್ನ ಚುಟುಕಾನ ಒಂದ್ಸಲ ನಾನೇ ಓದೋಣ ಅಂತ ಒಪ್ಕೊಂಡೆ ಕಣೋ."

ಅಷ್ಟರಲ್ಲಿ ನರ್ಸ್ ಬಂದು ಕರೆದರು. ತಮ್ಮ ಎದ್ದು ಕೈ ಚಾಚಿದರು. ಅಕ್ಕನಿಗೆ ಅದು ಕಾಣಲಿಲ್ಲವೋ ಏನೋ, ನರ್ಸಿನ ಭುಜ ಹಿಡಿದು ಒಳಗೆ ಹೋದರು.