ಹಸಿರು ದೀಪಕ್ಕಾಗಿ ನಕ್ಕ ಚಾಲಕನ ಬಗ್ಗೆ

ಪದ್ಮಶ್ರೀ ಕೋಂ ಕೆಂಪರಾಜ್, 48 ವರ್ಷ, ಪದವಿಪೂರ್ವ ಕಾಲೇಜು ಉಪನ್ಯಾಸಕಿ, ವಾಸ ಕಾಕ್ಸ್ ಟೌನ್ ಆದ ನಾನು ಯಾರೂ ಕರೆಯದೆ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಈ ದಿನ ಬೆಳಿಗ್ಗೆ 9.40ಕ್ಕೆ ಕೆ.ಆರ್. ಪುರ ರೈಲು ನಿಲ್ದಾಣಕ್ಕೆಂದು ಮನೆಯ ಮುಂದೆ ಬಾಡಿಗೆ ಕಾರು ಹತ್ತಿದೆ. ಚಾಲಕರು ಮಾನಪ್ಪ, ಸುಮಾರು 30 ವರ್ಷ. ಸ್ಟೀರಿಂಗ್ ಮುಂದೆ ಚಾಲಕರ ಮುಖ ನೋಡಿ ಮನಸ್ಥಿತಿ ತಿಳಿಯುವ ಸಣ್ಣ ಕ್ಯಾಮೆರಾ ಇತ್ತು. ಹಲಸೂರು ದಾಟುವಷ್ಟರಲ್ಲಿ ಅದು ಎರಡು ಬಾರಿ ಕೆಂಪು ದೀಪ ಹೊತ್ತಿಸಿ, ನೀವು ಒತ್ತಡದಲ್ಲಿದ್ದೀರಿ, ನಿಧಾನವಾಗಿ ಉಸಿರಾಡಿ ಎಂದಿತು. ಏನಾಯಿತೆಂದು ಕೇಳಿದೆ.

"ನನ್ ತಮ್ಮ ಭೀಮು ಬಿಲ್ಡಿಂಗ್ ಕೆಲಸದಾಗ ಸೆಂಟ್ರಿಂಗ್ ಮ್ಯಾಲಿಂದ ಬಿದ್ದಾನ್ರಿ ಅಕ್ಕಾರ. ಕೆ.ಆರ್. ಪುರದ ದವಾಖಾನ್ಯಾಗ ಅದಾನ. ಆ ಕಡಿಗೇ ಬಾಡಿಗಿ ಸಿಕ್ತಂತ ಹೊಂಟೀನಿ. ಇನ್ನೊಮ್ಮಿ ಕೆಂಪ್ ಬಂದ್ರ ಕಂಪನಿಯವ್ರು ಗಾಡಿ ನಡುರಸ್ತ್ಯಾಗ ಬಂದ್ ಮಾಡ್ತಾರ."

ಹಾಗಾದರೆ ಏನು ಮಾಡುತ್ತೀರಿ ಎಂದೆ.

"ನಕ್ಕೋತ ಹೊಡೀತೀನ್ರಿ. ಹಲ್ಲು ಕಂಡ್ರ ಹಸಿರಾಗತೈತಿ. ನಾವೆಲ್ಲಾ ಹಂಗೇ ಮಾಡೂದು."

ಕಾರು ಇಲ್ಲೇ ಬಿಟ್ಟು ಆಟೋ ಹಿಡಿಯಿರಿ ಎಂದು ನಾನು ಹೇಳಬಹುದಿತ್ತು. ನನ್ನ ರೈಲು 10.50ಕ್ಕೆ ಇತ್ತು. ಹೇಳಲಿಲ್ಲ.

10.22ಕ್ಕೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಿಂದ ಸುಮಾರು 50 ಮೀಟರ್ ಹಿಂದೆ, ನಮ್ಮ ಮುಂದಿದ್ದ ಸ್ಕೂಟರ್ ನಿಧಾನಿಸಿತು. ಮಾನಪ್ಪ ಆಗ ರಸ್ತೆ ನೋಡುತ್ತಿರಲಿಲ್ಲ, ಹಲ್ಲು ತೋರಿಸುತ್ತಾ ಕ್ಯಾಮೆರಾ ನೋಡುತ್ತಿದ್ದರು. ಕಾರು ಗುದ್ದಿತು. ಸ್ಕೂಟರ್ ಸವಾರ ಮುನಿರಾಜು ಎಂಬವರು ಬಿದ್ದು ಅವರ ಮೊಣಕೈ ಮುರಿಯಿತು. ಮಾನಪ್ಪ ತಕ್ಷಣ ಇಳಿದು ಅವರ ಬಳಿಗೆ ಓಡಿದರು. ಮುಖದ ಮೇಲೆ ಅದೇ ನಗುವಿತ್ತು.

"ಗುದ್ಬಿಟ್ಟು ಹಲ್ ಕಿಸೀತಿದ್ದೀಯಲ್ಲ ಗುರು," ಎಂದರು ಮುನಿರಾಜು. "ಬೆಳಿಗ್ಗೇನೇ ಎಣ್ಣೆ ಹಾಕ್ಕೊಂಡ್ ಬಂದವ್ನೆ ಮಗಾ" ಎಂದು ಇನ್ನೊಬ್ಬರು ಕೊರಳಪಟ್ಟಿ ಹಿಡಿದರು. ಜನ ಹೊಡೆದರು. ಸಾಕು ನಗಬೇಡಿ ಎಂದು ನಾನು ಎರಡು ಬಾರಿ ಕೂಗಿದೆ. ಕೆನ್ನೆ ಸಡಿಲವಾಗದೆ ಮಾನಪ್ಪ ಎರಡೂ ಅಂಗೈಗಳಿಂದ ಮುಖ ಒತ್ತಿಕೊಂಡರು. ಅಳುವ ಸದ್ದು ಕೈಗಳ ಹಿಂದಿನಿಂದ ಬಂತು.

ಬೇಕೆಂದೇ ಗುದ್ದಿ ನಕ್ಕರೆಂದು ಮುನಿರಾಜು ಅವರ ದೂರಿನಲ್ಲಿದೆ. ಡಿಕ್ಕಿಯ ಕ್ಷಣಕ್ಕೆ ಚಾಲಕ ಸಂತೋಷವಾಗಿದ್ದನೆಂಬ ದಾಖಲೆ ಇದೆಯೆಂದು ಕಂಪನಿಯವರು ಫೋನಿನಲ್ಲಿ ಹೇಳಿದರಂತೆ. ರಸ್ತೆ ನೋಡದಿದ್ದುದು ಮಾನಪ್ಪನವರ ತಪ್ಪು. ದೂರಿನ ಮಾತೂ ಕಂಪನಿಯ ಮಾತೂ ಸುಳ್ಳು.

ಈ ಠಾಣೆಯಿಂದ ಭೀಮು ಇರುವ ಆಸ್ಪತ್ರೆಗೆ 900 ಮೀಟರ್. 11.05ರಿಂದ ಮಾನಪ್ಪ ಪಕ್ಕದ ಕೋಣೆಯಲ್ಲಿ ಕೂತಿದ್ದಾರೆ. ಅವರ ಫೋನ್ ಈ ಮೇಜಿನ ಮೇಲಿದೆ. 11.52ರವರೆಗೆ ನಾಲ್ಕು ಬಾರಿ ರಿಂಗಾಯಿತು. ಆಮೇಲೆ ರಿಂಗಾಗಿಲ್ಲ. ಮಿಕ್ಕ ವಿಚಾರಣೆಗೆ ಮುಂಚೆ ಅವರನ್ನು ತಮ್ಮನ ಬಳಿಗೆ ಕರೆದೊಯ್ಯಲು ಕೋರುತ್ತೇನೆ.

ಓದಿಸಿ ಕೇಳಿದೆ, ನಾನು ಕಂಡದ್ದೇ ಇದೆ, ಸರಿಯಾಗಿದೆ.

ಸ್ಥಳ: ಕೆ.ಆರ್. ಪುರ
ದಿನಾಂಕ: 18.11.2024, ಮಧ್ಯಾಹ್ನ 12.20
ಸಹಿ: ಪದ್ಮಶ್ರೀ