ಕಟ್ಟಿಲಿಲ್ಲ ಎಂಬ ಮಾತು

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ಈ ಆಸ್ಪತ್ರೆಯ ಹದಿಹರೆಯದವರ ಮನೋರೋಗ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಹರಿನಾಥ ಅವರೇ, ವೇದಿಕೆಯಲ್ಲಿರುವ ಆರೋಗ್ಯ ಇಲಾಖೆಯ ಅಧಿಕಾರಿಗಳೇ, ಇಂದು ನಿವೃತ್ತರಾಗುತ್ತಿರುವ, ತಮ್ಮದೇ ಸನ್ಮಾನಕ್ಕೆ ಕುರ್ಚಿಯ ತುದಿಯಲ್ಲಿ ಕುಳಿತಿರುವ ಸಿಸ್ಟರ್ ಕಾರ್ತ್ಯಾಯಿನಿಯವರೇ, ಹೊರಗಿನ ಆ ಉದ್ದ ಬೆಂಚಿನಲ್ಲಿ ಒಮ್ಮೆಯಾದರೂ ಮಗುವಿನ ಕೈ ಹಿಡಿದು ಕುಳಿತ ತಂದೆ ತಾಯಂದಿರೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಹೈಯರ್ ಸೆಕೆಂಡರಿಯಲ್ಲಿ ಕನ್ನಡ ಕಲಿಸುವವಳು. ಬೆಲ್ ಆಗದೆ ಮಾತು ನಿಲ್ಲಿಸಿ ಅಭ್ಯಾಸವಿಲ್ಲ. ಬೆಲ್ ಆದರೂ ನಿಲ್ಲಿಸುವುದಿಲ್ಲ ಎಂಬುದು ನನ್ನ ವಿದ್ಯಾರ್ಥಿಗಳ ದೂರು. ಮಲಯಾಳದಲ್ಲಿ ಮಾತಾಡಲೇ ಎಂದು ಸಿಸ್ಟರ್ ಹತ್ತಿರ ಕೇಳಿದೆ. ‘ಬೇಡ ಟೀಚರೇ. ನಿಮ್ಮ ಮಲಯಾಳ ಕೇಳಿದರೆ ಅಳಲಿಕ್ಕೆ ಬಂದವರೂ ನಗ್ತಾರೆ’ ಎಂದರು. ಆದ್ದರಿಂದ ಕನ್ನಡದಲ್ಲೇ ಹೇಳುತ್ತೇನೆ. ಹೇಗೂ ನಮ್ಮ ಕಾಸರಗೋಡಿನವರು ನಾಲ್ಕು ಭಾಷೆ ಬಲ್ಲವರು. ನಾಲ್ಕರಲ್ಲೂ ತಪ್ಪು ತಿಳಿದುಕೊಳ್ಳಬಲ್ಲವರು. ಅಂಥ ಒಂದು ತಪ್ಪು ತಿಳಿವಳಿಕೆಯ ಬಗ್ಗೆಯೇ ನಾನು ಇಂದು ಮಾತನಾಡಬೇಕಾಗಿದೆ.

ಮೂರು ವರ್ಷಗಳ ಹಿಂದೆ, ಪ್ಲಸ್ ಒನ್ ಓದುತ್ತಿದ್ದಾಗ, ಹದಿನಾರನೆಯ ವಯಸ್ಸಿನಲ್ಲಿ, ನನ್ನ ಮಗಳು ಅಮೂಲ್ಯಾ ಮೊದಲು ಊಟ ಬಿಟ್ಟಳು, ಆಮೇಲೆ ಮಾತು ಬಿಟ್ಟಳು. ಇದನ್ನು ಇಲ್ಲಿ ಹೇಳಲು ಅವಳ ಒಪ್ಪಿಗೆ ಉಂಟು. ಹೆಸರು ಬೇಡ ಅಲ್ಲವಾ ಎಂದು ಕೇಳಿದ್ದಕ್ಕೆ, ‘ಯಾಕಮ್ಮ, ಜ್ವರ ಬಂದವರ ಹೆಸರು ಅಡಗಿಸಿಡ್ತಾರಾ?’ ಎಂದಳು. ಬೋವಿಕಾನದಲ್ಲಿ ಅವಳನ್ನು ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದು, ‘ಇವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬೇಡಿ. ಬೇಗ ಅಡ್ಮಿಟ್ ಮಾಡಿ’ ಎಂದರು.

ಎಲ್ಲಿ ಅಡ್ಮಿಟ್ ಮಾಡುವುದು? ದೊಡ್ಡವರ ವಾರ್ಡಿನವರು ಇವಳು ಸಣ್ಣವಳು ಎಂದರು. ಮಕ್ಕಳ ವಾರ್ಡಿನವರು ಇವಳು ದೊಡ್ಡವಳು ಎಂದರು. ಈ ವಯಸ್ಸಿನವರಿಗಾಗಿಯೇ ಇದ್ದ ಕಡೆಗಳಲ್ಲಿ, ಮಂಚ ಖಾಲಿಯಾದ ಕೂಡಲೇ ಫೋನ್ ಮಾಡುತ್ತೇವೆ ಎಂದರು. ಯಾರನ್ನು ದೂರಲಿ? ಹೇಳುವಾಗ ಅವರ ಮುಖವೂ ಬಾಡಿತ್ತು. ನಾನು ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡು ಕಾದೆ. ಆ ವಾರಗಳಲ್ಲಿ ಮಲಗುವಾಗ ಅವಳ ಶಾಲಿನ ಒಂದು ತುದಿಯನ್ನು ನನ್ನ ಕೈಗೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಅವಳ... ಇರಲಿ. ಅದನ್ನು ಹೇಳಬೇಕೆಂದು ಇರಲಿಲ್ಲ.

ಕೊನೆಗೆ ಯಾರ ಫೋನಿಗೂ ಕಾಯದೆ ನಮ್ಮೂರು ಎಣ್ಮಕಜೆಯಿಂದ ಜೀಪು ಮಾಡಿಕೊಂಡು ಇಲ್ಲಿಗೆ ಬಂದೆವು. ನಾನು, ಮಗಳು, ನನ್ನ ಅತ್ತೆ ಈಶ್ವರಿ. ಪೆರ್ಲದ ಪೇಟೆಯಿಂದ ಆಚೆಗೆ ಹೋಗುವುದೇ ಅತ್ತೆಗೆ ಅಪರೂಪ. ಮಲಯಾಳ ಅಷ್ಟಕ್ಕಷ್ಟೆ. ಕಂಕುಳಲ್ಲಿ ಒಂದು ಓಲೆಯ ಚಾಪೆ. ಅದು ಎಂತಕ್ಕೆ ಅತ್ತೆ ಎಂದರೆ, ‘ಆಸ್ಪತ್ರೆ ಅಂದ ಮೇಲೆ ಕೂತ್ಕೊಳ್ಳಲಿಕ್ಕೆ ಬೇಡವಾ?’ ಎಂದರು. ದಾರಿಯುದ್ದಕ್ಕೂ ಮೊಮ್ಮಗಳ ಮಣಿಕಟ್ಟನ್ನು ಸವರುತ್ತಲೇ ಇದ್ದರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ವಾರ್ಡಿನ ಬಾಗಿಲಿಗೆ ಸಿಸ್ಟರ್ ಕಾರ್ತ್ಯಾಯಿನಿ ಬಂದರು. ಒಳಗೆ ಮಂಚ ಆರು, ಮಕ್ಕಳು ಅದಕ್ಕಿಂತ ಹೆಚ್ಚು. ಸಿಸ್ಟರ್ ಒಬ್ಬರೇ. ಅವರು ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಕೈ ತೋರಿಸಿ ಅತ್ತೆಗೆ ಹೇಳಿದರು:

‘ನೋಕ್ಕ್ ಅಮ್ಮಾ, ಕಟ್ಟಿಲಿಲ್ಲ.’

ಮಲಯಾಳದಲ್ಲಿ ಕಟ್ಟಿಲ್ ಎಂದರೆ ಮಂಚ. ನೋಡಿ ಅಮ್ಮಾ, ಮಂಚ ಇಲ್ಲ. ನನಗೆ ಅರ್ಥವಾಯಿತು. ಆದರೆ ಅತ್ತೆ ಒಳಗೆ ನೋಡಿದರು. ಒಬ್ಬಳು ಹುಡುಗಿ ಇನ್ನೊಬ್ಬಳಿಗೆ ಜಡೆ ಹಾಕುತ್ತಿದ್ದಳು. ಒಬ್ಬ ಹುಡುಗ ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದ. ಒಬ್ಬಳು ನೆಲದಲ್ಲಿ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅತ್ತೆ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಚಾಪೆಯನ್ನು ಕೆಳಗಿಟ್ಟು, ಸಿಸ್ಟರಿಗೆ ಎರಡೂ ಕೈ ಎತ್ತಿ ಮುಗಿದು, ನನ್ನ ಕಡೆ ತಿರುಗಿ ಹೇಳಿದರು:

‘ಕೇಳಿದ್ಯಾ? ಕಟ್ಟಲಿಲ್ಲ ಅಂತೆ. ಇಲ್ಲಿ ಯಾರನ್ನೂ ಕಟ್ಟಲಿಲ್ಲ.’

ಸಭಿಕರೇ, ಛಂದಸ್ಸಿನ ಪಾಠದಲ್ಲಿ ನಾನು ಮಕ್ಕಳಿಗೆ ಒಂದು ಮಾತ್ರೆಗೂ ಲೆಕ್ಕವಿದೆ ಎಂದು ಹೇಳುವವಳು. ಆದರೆ ಒಂದು ಗುಡಿಸಿಗೆ ಇಷ್ಟು ಭಾರವಿದೆ ಎಂದು ಯಾವ ಕವಿತೆಯೂ ನನಗೆ ಕಲಿಸಿರಲಿಲ್ಲ. ಟಕಾರಕ್ಕೆ ಗುಡಿಸು ಕೊಟ್ಟರೆ, ಮಂಚ ಇಲ್ಲ, ಮನೆಗೆ ಹೋಗಿ. ಗುಡಿಸು ತೆಗೆದರೆ, ನಿಮ್ಮ ಮಗುವನ್ನು ಕಟ್ಟಿ ಹಾಕುವುದಿಲ್ಲ, ಒಳಗೆ ಬನ್ನಿ.

ಅತ್ತೆ ಒಳಗೆ ಹೋದರು. ಸಿಸ್ಟರ ಮೇಜಿನ ಪಕ್ಕದಲ್ಲಿ ಚಾಪೆ ಬಿಡಿಸಿ, ಮೊಮ್ಮಗಳನ್ನು ಕೂರಿಸಿ, ತಾವೂ ಕುಳಿತರು. ನಾನು ನಾಚಿ, ‘ಅತ್ತೆ, ಏಳಿ, ಅವರು ಹೇಳಿದ್ದು ಹಾಗಲ್ಲ’ ಎನ್ನುವಷ್ಟರಲ್ಲಿ ಸಿಸ್ಟರ್ ನನ್ನ ಕೈ ಹಿಡಿದು ತಡೆದರು. ಅವರಿಗೆ ಕನ್ನಡ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ‘ಟೀಚರೇ, ಇಲ್ಲ ಅಂತ ಹೇಳಿದ ನನಗೆ ಇಷ್ಟರವರೆಗೆ ಬೈದವರು ಉಂಟು, ಕಾಲು ಹಿಡಿದವರೂ ಉಂಟು. ಕೈ ಮುಗಿದವರು ಇವರೊಬ್ಬರೇ. ಇನ್ನೊಂದು ಸಲ ಇಲ್ಲ ಅಂತ ನಾನು ಹೇಗೆ ಹೇಳುವುದು?’ ಎಂದರು. ಆಮೇಲೆ ಅವರ ಕಣ್ಣು ನನ್ನ ಮಣಿಕಟ್ಟಿನಲ್ಲಿದ್ದ ಶಾಲಿನ ಗುರುತಿನ ಮೇಲೆ ಬಿತ್ತು. ‘ನೀವು ಹೋಗಿ ಬೆಂಚಿನಲ್ಲಿ ಸ್ವಲ್ಪ ಮಲಗಿ. ಇನ್ನು ನಾನಿದ್ದೇನೆ’ ಎಂದರು. ಮಲಗಿದೆ. ಹಾಗೆ ಮಲಗಿ ಎಷ್ಟೋ ಕಾಲವಾಗಿತ್ತು.

ಮರುದಿನ ಚಾಪೆಯ ಮೇಲೆ ಕುಳಿತು ಅತ್ತೆ ನನಗೆ ಒಂದು ವಿಷಯ ಹೇಳಿದರು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಾನು ಕೇಳಿರದ ವಿಷಯ. ಅವರಿಗೆ ತಿರುಮಲೇಶ್ವರ ಎಂಬ ಅಣ್ಣನಿದ್ದ. ಅವನಿಗೂ ಹೀಗೇ ಹದಿನಾರು ಹದಿನೇಳರಲ್ಲಿ ಮನಸ್ಸು ಕೆಟ್ಟಿತು. ಮನೆಯವರು ಪ್ರೀತಿ ಇಲ್ಲದವರಲ್ಲ. ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ಅವರಿಗೆ ಗೊತ್ತಿರಲಿಲ್ಲ. ದನದ ಹಟ್ಟಿಯ ಕಂಬಕ್ಕೆ ಬಾವಿಹಗ್ಗದಿಂದ ಕಟ್ಟಿದರು. ಅನ್ನ ಕೊಡಲು ಹೋಗುತ್ತಿದ್ದವಳು ಪುಟ್ಟ ಈಶ್ವರಿ. ‘ಗಂಟು ಸ್ವಲ್ಪ ಸಡಿಲ ಮಾಡು ಈಶ್ವರೀ ಅಂತಿದ್ದ. ನನ್ನ ಬೆರಳಿಗೆ ಅದು ಬರುತ್ತಿರಲಿಲ್ಲ’ ಎಂದರು ಅತ್ತೆ. ಆಮೇಲೆ ಅವನು ಏನಾದ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂದರೆ ಆ ಮಾತಿಗಾಗಿ ಅವರು ಅರವತ್ತು ವರ್ಷ ಕಾದಿದ್ದರು. ಯಾರಾದರೂ ಬಾಗಿಲು ತೆರೆದು, ನೋಡಮ್ಮಾ, ಕಟ್ಟಲಿಲ್ಲ ಎಂದು ಹೇಳಲಿ ಎಂದು. ಹೇಳಿದವರು ಬೇರೇನೋ ಹೇಳಿದ್ದರು ಎಂಬುದು ಎಷ್ಟು ಸಣ್ಣ ಸಂಗತಿ!

ಅಮೂಲ್ಯಾ ಆ ಚಾಪೆಯ ಮೇಲೆ ಒಂಬತ್ತು ದಿವಸ ಇದ್ದಳು, ಆಮೇಲೆ ಮಂಚ ಸಿಕ್ಕಿತು. ಅವಳು ಮೊದಲ ಮಾತು ಆಡಿದ್ದು ಚಾಪೆಯಲ್ಲಿರುವಾಗಲೇ. ‘ಅಜ್ಜಿ, ನೀವು ಗೊರಕೆ ಹೊಡೀತೀರಿ’ ಎಂದಳು. ಅಜ್ಜಿ ಅದನ್ನು ವೇದವಾಕ್ಯ ಎಂಬಂತೆ ಎಲ್ಲರಿಗೂ ಹೇಳಿಕೊಂಡು ಬಂದರು. ನಾನು ಆ ದಿನಗಳಲ್ಲಿ ಸಿಸ್ಟರನ್ನು ನೋಡುತ್ತಿದ್ದೆ. ಒಬ್ಬನಿಗೆ ಮಾತ್ರೆ ಕೊಡುತ್ತಾ ಇನ್ನೊಬ್ಬಳ ಉಸಿರಿಗೆ ಕಿವಿಗೊಟ್ಟಿರುತ್ತಿದ್ದರು. ಯಾರಾದರೂ ಗೋಡೆಯ ಕಡೆ ತಿರುಗಿ ಮಲಗಿದರೆ ಅಲ್ಲಿಗೆ ಹೋಗಿ ಹೊದಿಕೆ ಸರಿ ಮಾಡಿ ಬರುತ್ತಿದ್ದರು. ಒಬ್ಬರಲ್ಲಿ ಇಷ್ಟು ಜಾಗ ಹೇಗೆ ಇರುತ್ತದೆ? ನನಗೆ ಇಂದಿಗೂ ಬೆರಗು. ಆದರೆ ಬೆರಗು ಪಟ್ಟುಕೊಂಡು ಮನೆಗೆ ಹೋಗುವುದು ನಮಗೆ ಸುಲಭ. ಒಬ್ಬರು ನಾಲ್ವರ ಕೆಲಸ ಮಾಡುವುದನ್ನು ನೋಡಿ ನಾವು ಕೈ ಮುಗಿಯಬಹುದು. ಹಾಗೆ ಮಾಡಬೇಕಾಗಿ ಬಂದದ್ದಕ್ಕೆ ಕೈ ಮುಗಿಯಲಾದೀತೇ?

ಕಳೆದ ವರ್ಷ ಅತ್ತೆಗೆ ನಿಜವಾದ ಅರ್ಥ ಹೇಳಿದೆ. ‘ಮಂಚ ಇಲ್ಲದ್ದೂ ಸತ್ಯ, ಕಟ್ಟದೇ ಇದ್ದದ್ದೂ ಸತ್ಯ. ಅವರು ಎರಡೂ ಹೇಳಿದರು ಅಂತ ಇಟ್ಟುಕೋ ಮಾರಾಯ್ತಿ’ ಎಂದರು.

ವೇದಿಕೆಯ ಹಿರಿಯರೇ, ಸಿಸ್ಟರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲವಂತೆ. ಬರುವವರೆಗೆ ಹೊಸ ಮಕ್ಕಳನ್ನು ಸೇರಿಸುವುದು ಕಷ್ಟವೆಂದು ಕೇಳಿದೆ. ಡಾಕ್ಟರ್ ಹರಿನಾಥರು ತಲೆ ತಗ್ಗಿಸಿದ್ದಾರೆ. ಅವರು ಇಲಾಖೆಗೆ ಎಷ್ಟು ಸಲ ಬರೆದಿದ್ದಾರೆಂದು ನನಗೆ ಗೊತ್ತುಂಟು. ನಾವು ಈ ಹಾಲಿಗೆ ಬರುವಾಗ ಆ ಬೆಂಚಿನಲ್ಲಿ ಬಂದ್ಯೋಡಿನ ಒಬ್ಬ ತಾಯಿ ಮಗಳ ಜೊತೆ ಕುಳಿತಿದ್ದರು. ಬೆಳಿಗ್ಗೆಯಿಂದ ಇದ್ದಾರಂತೆ. ಮಗಳು ಮುಖ ಎತ್ತುವುದಿಲ್ಲ. ಸಿಸ್ಟರ ಡ್ಯೂಟಿ ಇವತ್ತು ಸಂಜೆಗೆ ಮುಗಿಯುತ್ತದೆ. ನಾಳೆ ಆ ಬಾಗಿಲು ತೆರೆದು, ನೋಡಿ ಅಮ್ಮಾ ಎಂದು ಹೇಳುವವರು ಯಾರು?

ಇನ್ನು ಸಿಸ್ಟರಿಗೆ ನಮ್ಮ ಮನೆಯ ಕಾಣಿಕೆ. ಅದೇ ಚಾಪೆ. ಅತ್ತೆ ಒಗೆದು, ಒಣಗಿಸಿ, ಅಂಚು ಹೊಲಿಸಿ ತಂದಿದ್ದಾರೆ. ಅದನ್ನು ಕೊಡಲು ಅವರೇ ವೇದಿಕೆಗೆ ಬರಬೇಕು. ಅತ್ತೆ, ಬನ್ನಿ.

ಅತ್ತೆ?

ಕ್ಷಮಿಸಿ. ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಕುರ್ಚಿ ಖಾಲಿ ಉಂಟು. ಚಾಪೆಯೂ ಕಾಣುವುದಿಲ್ಲ. ಬಾಗಿಲ ಹತ್ತಿರ ನನ್ನ ಮಗಳು ನಿಂತಿದ್ದಾಳೆ, ಕೈಯಲ್ಲಿ ಎಂತದೋ ಸನ್ನೆ ಮಾಡುತ್ತಿದ್ದಾಳೆ. ಹಾಸುವ ಸನ್ನೆ. ವಾರ್ಡಿನ ಕಡೆ ಬೆರಳು ತೋರಿಸುತ್ತಿದ್ದಾಳೆ.

ಬಂದ್ಯೋಡಿನ ಹುಡುಗಿಗೆ.

ಸಿಸ್ಟರ್, ನೀವು ಎದ್ದಿರಾ? ಹೋಗಿ, ಹೋಗಿ. ಸನ್ಮಾನದ ಶಾಲು ಕಾಯಲಿ. ಡಾಕ್ಟರೇ, ನೀವೂ ಏಳುತ್ತಿದ್ದೀರಿ. ಅಧಿಕಾರಿಗಳೇ, ದಯವಿಟ್ಟು ನೀವೂ ಹೋಗಿ. ಬಾಗಿಲು ತೆರೆದೇ ಇರುತ್ತದೆ, ಒಳಗೆ ನೋಡಿ. ನಮ್ಮ ಅತ್ತೆ ನಿಮಗೂ ಕೈ ಮುಗಿಯುತ್ತಾರೆ. ಅವರಿಗೆ ಇಲ್ಲ ಎನ್ನಲು ನಿಮ್ಮಿಂದಾಗುತ್ತದೆಯೇ ಎಂದು ನೋಡೋಣ.

ನನ್ನ ಬೆಲ್ ಆಯಿತು. ಇಷ್ಟು ಹೊತ್ತು ಕೇಳಿದಿರಿ, ಎಲ್ಲರಿಗೂ ಕೃತಜ್ಞಳು. ನಮಸ್ಕಾರ.