ಬಟನ್ ಫೋನಿನೊಳಗಿನ ಮಗ

"೧೯ ಆಗಸ್ಟ್ ೨೦೧೪, ಮಂಗಳವಾರ. ರಾತ್ರಿ ಹನ್ನೊಂದೂವರೆಗೆ ತಂಗಿಯ ಮಗ ಬಾಗಿಲು ತಟ್ಟಿದ. ಕಾಲಲ್ಲಿ ಚಪ್ಪಲಿ ಇರಲಿಲ್ಲ."

ನನ್ನ ಡೈರಿಯಲ್ಲಿ ಅಂದಿನದು ಇಷ್ಟೇ ಇದೆ. ಉಳಿದದ್ದನ್ನು ಅವನು ಹೇಳಿದ ಹಾಗೇ ಹೇಳುತ್ತೇನೆ, ಒಂದಕ್ಷರವೂ ಸೇರಿಸುವುದಿಲ್ಲ. ಆ ದೀಪ ಸ್ವಲ್ಪ ಸಣ್ಣದು ಮಾಡಿ.

ತನ್ನ ಮೊಬೈಲ್ ರಿಪೇರಿ ಅಂಗಡಿ ಮುಚ್ಚಿ ಅವನು ಹೊರಟಾಗ ಹತ್ತೂವರೆ ದಾಟಿತ್ತು. ಬಾವಿ ಓಣಿಯ ಬೀದಿದೀಪ ಕೆಟ್ಟು ವಾರವಾಗಿತ್ತು. ಯಾರೂ ಬಳಸದ ಬಾವಿ, ಸೊಂಟದೆತ್ತರದ ಕಲ್ಲುಕಟ್ಟೆ. ಅಲ್ಲಿಂದ… ಟಿಕ್. ಟಿಕ್… ಟಿಕ್.

ಅವನ ಕಾಲು ನಿಂತಿತು. ಕಪ್ಪೆಯಲ್ಲ, ಹುಳವಲ್ಲ. ರಬ್ಬರ್ ಗುಂಡಿಯನ್ನು ಹೆಬ್ಬೆರಳು ಒತ್ತಿದ ಸದ್ದು. ಹಳೆಯ ಬಟನ್ ಫೋನು.

ಆ ಸದ್ದು ಅವನಿಗೆ ತಪ್ಪುವುದೇ ಇಲ್ಲ. ಪೇಟೆಯವರು ಅವನನ್ನು ಕರೆಯುತ್ತಿದ್ದದ್ದೇ ಕೀಪ್ಯಾಡ್ ಎಂದು. ಎಲ್ಲರೂ ಟಚ್ ಫೋನಿನ ಗಾಜು ಉಜ್ಜುವ ಕಾಲ ಬಂದರೂ ಇವನ ಮೇಜಿನ ಮೇಲೆ ಕಂಪನಿಗಳು ಕೈಬಿಟ್ಟ ಮಾಡೆಲ್‌ಗಳೇ. ನೆತ್ತಿಯಲ್ಲಿ ಟಾರ್ಚ್ ಇದ್ದದ್ದು, ಮಡಚಿದರೆ ಟಪ್ ಎನ್ನುತ್ತಿದ್ದದ್ದು, ಮೆಟ್ಟಿಲಿಂದ ಬಿದ್ದು ಮೂರು ತುಂಡಾದರೂ ಜೋಡಿಸಿದರೆ ಮತ್ತೆ ಹಾಡುತ್ತಿದ್ದದ್ದು. ಒಮ್ಮೆ ಚಾರ್ಜಿಗೆ ಹಾಕಿದರೆ ನಾಲ್ಕು ದಿನ ಚಿಂತೆಯಿಲ್ಲ. ಒಂದೊಂದು ಆನ್ ಆಗುವಾಗಿನ ರಾಗವನ್ನೂ ಇವನು ಬಾಯಲ್ಲೇ ನುಡಿಸುತ್ತಿದ್ದ. ಜನರ ದನಿಯನ್ನೂ ಅಷ್ಟೇ. ನನ್ನ ದನಿಯಲ್ಲಿ ನನ್ನ ಸೊಸೆಯನ್ನು ಬೈದು ಅವಳನ್ನು ಅಳಿಸಿದ ಪುಣ್ಯಾತ್ಮ.

ಅಂದು ಬೆಳಿಗ್ಗೆ ಇಸ್ತ್ರಿ ಅಂಗಡಿಯ ಅಜ್ಜಿ ತನ್ನ ಫೋನು ತಂದಿದ್ದಳು.

"ಹ್ಯಾಂಗ್ ಆಗ್ತಿದೆಯಪ್ಪ. ಒಳಗೆ ನನ್ನ ಮಗನ ಮಾತಿದೆ, ಅದನ್ನ ಮಾತ್ರ ಮುಟ್ಟಬೇಡ."

ಮಗ ಲಾರಿ ಓಡಿಸುತ್ತಿದ್ದವನು, ತೀರಿಕೊಂಡು ಎರಡು ವರ್ಷ. ಇವನು ಹೂಂ ಅಂದ. ಆದರೆ ಕೈಯ ಅಭ್ಯಾಸ ನೋಡಿ… ಹಳೇ ಫೋನು ಹ್ಯಾಂಗ್ ಎಂದರೆ ಕಂಪ್ಯೂಟರಿಗೆ ಚುಚ್ಚುವುದು, ಹೊಸದಾಗಿ ಸಾಫ್ಟ್‌ವೇರ್ ತುಂಬುವುದು. ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹರಟುತ್ತಾ ಹರಟುತ್ತಾ ಅದನ್ನೇ ಮಾಡಿಬಿಟ್ಟ.

ಮಧ್ಯಾಹ್ನ ಅಜ್ಜಿ ಬಂದಾಗ ಕಣ್ಣು ತಗ್ಗಿಸದೆ ಕೇಳಿದ: "ಹುಡುಕ್ತಾ ಇದೀನಿ ಅಜ್ಜಿ. ಏನಂದಿದ್ದ ನಿಮ್ಮ ಮಗ?"

"'ಅಮ್ಮಾ, ಬರೋದು ತಡ ಆಗುತ್ತೆ, ಉಂಡು ಮಲ್ಕೋ.' ಅಷ್ಟೇ. ಸಿಗರೇಟು ಸೇದಿ ಸೇದಿ ಗಂಟಲು ಒಡೆದಿತ್ತು ಪಾಪ."

ಅವಳು ಅತ್ತ ಹೋದದ್ದೇ ಪಕ್ಕದ ವಾಚ್ ರಿಪೇರಿಯವನು, "ನೀನೇ ಮಗ ಆಗಿಬಿಡೋ. ಮುದುಕಿಗೆ ಏನು ಗೊತ್ತಾಗುತ್ತೆ?" ಅಂದ.

ಇವನು ಮೊದಲು ತಮಾಷೆಗೆ ಒಂದು ರೆಕಾರ್ಡ್ ಮಾಡಿದ. "ಅಮ್ಮಾ… ಬಾವಿ ಹತ್ರ ಇದೀನಿ. ಕತ್ತಲು, ಭಯ ಆಗುತ್ತೆ. ಬಾ." ವಾಚಿನವನು ನಕ್ಕ ನಗೆಗೆ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ಉದುರಿತು. ಆಮೇಲೆ ಸರಿಯಾದದ್ದನ್ನು ಹೇಳಿದ. ಎರಡನೆಯದು ಮೊದಲನೆಯದನ್ನು ಅಳಿಸಿ ಕೂರುತ್ತದೆ ಅಂದುಕೊಂಡ. ಅವನ ಕೈಗೆ ದಿನಾ ಬರುತ್ತಿದ್ದ ಮಾಡೆಲ್‌ಗಳಲ್ಲಿ ಹಾಗೆಯೇ. ಇದು ಎರಡನ್ನೂ ಇಟ್ಟುಕೊಳ್ಳುವ ಜಾತಿಯದು.

ಸಂಜೆ ಅಜ್ಜಿ ಸರಿಯಾದದ್ದನ್ನೇ ಕೇಳಿ, ಫೋನನ್ನು ಕೆನ್ನೆಗೊತ್ತಿಕೊಂಡು ಹೋದಳು. ಮನೆಗೆ ಹೋಗಿ ಇನ್ನೊಂದನ್ನೂ ಒತ್ತಿದ್ದಾಳೆ.

ಈಗ ಅವಳೇ ಕಟ್ಟೆಯ ಮೇಲೆ ಕೂತಿದ್ದಳು. ಗುಂಡಿಗಳ ಹಸಿರು ಬೆಳಕು ಗಲ್ಲದ ಮೇಲೆ.

"ಅಜ್ಜಿ… ಇಲ್ಲೇನ್ಮಾಡ್ತಿದೀರಿ?"

"ಮೆಲ್ಲಗೆ. ಮಗ ಕರೀತಿದಾನೆ."

"ಮನೆಗೆ ಹೋಗಿ."

"ಭಯ ಅಂತಾನೆ ಕಣಪ್ಪ. ಸಣ್ಣವನಿದ್ದಾಗಲೂ ಕತ್ತಲಂದ್ರೆ ಆಗ್ತಿರ್ಲಿಲ್ಲ."

ಒಂದೇ ಮಾತು ಸಾಕಿತ್ತು. ಅದು ನಾನು ಅಜ್ಜಿ, ತಮಾಷೆಗೆ… ನಾಲಿಗೆಯ ತುದಿಗೆ ಬಂತು. ನಾಳೆ ಪೇಟೆಯಲ್ಲಿ ಮುಖ ಎತ್ತಿ ಓಡಾಡುವುದು ಹೇಗೆ ಎನಿಸಿತು. ನುಂಗಿಕೊಂಡ. "ಬರ್ತೀನಿ" ಎಂದು ಹೆಜ್ಜೆ ಹಾಕಿದ.

ಹತ್ತು ಹೆಜ್ಜೆ ಆಗಿರಬೇಕು. ಹಿಂದೆ… ಟಿಕ್. "ಅಮ್ಮಾ… ಭಯ ಆಗುತ್ತೆ. ಬಾ." ಅವನೇ ಮಾಡಿದ ದನಿ.

ಆಮೇಲೆ ಇನ್ನೊಂದು. ಫೋನಿನಿಂದಲ್ಲ… ಕೆಳಗಿನಿಂದ. ಹೊಗೆ ಕುಡಿದು ಒಡೆದ ಗಂಟಲು.

"ಅದು ನಾನಲ್ಲಮ್ಮ… ಮನೆಗೆ ಹೋಗು."

"ಹಾಂ… ಇದು ನನ್ನ ಮಗ" ಅಂದಳು ಅಜ್ಜಿ. "ಬಂದೆ, ಇರು."

ಬಟ್ಟೆ ಕಲ್ಲಿಗೆ ಸವರಿದ ಸರ್ ಸದ್ದು. ನೀರಿನ ಸದ್ದು ಮಾತ್ರ ಕೇಳಲಿಲ್ಲ.

ಅವನು ತಿರುಗಿ ನೋಡಲಿಲ್ಲ. ಓಡಿದ. ಮನೆ ಬಾಗಿಲು ಬಡಿದ. ಅವನ ತಾಯಿ, ಅಂದರೆ ನನ್ನ ತಂಗಿ, ಆ ಹೊತ್ತಿಗಾಗಲೇ ಪೂರ್ತಿ ಕಣ್ಣು ಕಳೆದುಕೊಂಡಿದ್ದಳು.

"ಅಮ್ಮಾ, ಬಾಗಿಲು ತೆಗಿ."

ಒಳಗೆ ಗೋಡೆ ಸವರುತ್ತಾ ಬಾಗಿಲತನಕ ಬಂದ ಹೆಜ್ಜೆ. ಆಮೇಲೆ, "ಯಾರಪ್ಪ?"

"ನಾನೇ ಅಮ್ಮಾ…"

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಹೊಗೆ ಕುಡಿದ ಗಂಟಲು. ಕೆಮ್ಮಿದ, ಕ್ಯಾಕರಿಸಿದ, ಮತ್ತೆ ಕರೆದ. ಅದೇ ಗಂಟಲು.

"ನನ್ನ ಮಗ ಇನ್ನೂ ಬಂದಿಲ್ಲ. ಅವನು ಬಂದ ಮೇಲೆ ಬಾರಪ್ಪ" ಎಂದು ಅವಳು ಒಳಗಿನಿಂದ ಚಿಲಕ ಭದ್ರ ಮಾಡಿದಳು. ಆಗ ನಮ್ಮ ಮನೆಗೆ ಬಂದ. ನಾನು ಕಿಟಕಿಯಿಂದ ಮುಖ ನೋಡಿದೆ, ಹಾಗಾಗಿ ಬಾಗಿಲು ತೆಗೆದೆ. "ದೊಡ್ಡಮ್ಮಾ" ಅಂದದ್ದು ಮಾತ್ರ ಇವನ ದನಿಯಲ್ಲ.

ಬೆಳಿಗ್ಗೆ ಅಜ್ಜಿಯನ್ನು ಮೇಲೆತ್ತಿದರು. ಫೋನು ಕಟ್ಟೆಯ ಮೇಲೆ ಒಣಗಿಯೇ ಇತ್ತು. ನಾನೇ ಒತ್ತಿ ನೋಡಿದೆ, ಎರಡು ರೆಕಾರ್ಡಿಂಗ್‌ಗಳಲ್ಲಿ ಒಂದೂ ಇರಲಿಲ್ಲ. ಡಾಕ್ಟರು ಇವನ ಗಂಟಲಿಗೆ ಬೆಳಕು ಬಿಟ್ಟು ನೋಡಿ ಎಲ್ಲ ಸರಿಯಿದೆ ಅಂದರು, ದನಿ ಮಾತ್ರ ಮರಳಲಿಲ್ಲ.

ನನ್ನ ತಂಗಿ ಆಮೇಲೆ ಎರಡು ವರ್ಷ ಏಳು ತಿಂಗಳು ಬದುಕಿದ್ದಳು. ಅಂಗಡಿ ಬಿಟ್ಟು ಇವನೇ ಅವಳಿಗೆ ಅಡುಗೆ ಮಾಡಿದ, ಸ್ನಾನಕ್ಕೆ ನೀರು ಕಾಯಿಸಿದ, ಕೈಹಿಡಿದು ನಡೆಸಿದ. ಯಾರೋ ಸಂಬಳದ ಆಳು ಎಂದುಕೊಂಡು ಅವಳು ಮರ್ಯಾದೆಯಿಂದಲೇ ನಡೆಸಿಕೊಂಡಳು. ಅವಳ ಕೈಯಿಂದ ಅವನ ಮುಖ ಸವರಿಸಿಯೂ ನೋಡಿದೆ. "ಹೋಲಿಕೆ ಇದೆ ಅಕ್ಕಾ, ಆದ್ರೆ ಇವನು ಅವನಲ್ಲ" ಅಂದಳು. ಕೊನೆಯ ದಿನ ಬಾಯಾರಿಕೆ ಎಂದಾಗ, ಹೊರಗಿನವರ ಕೈಯಿಂದ ಬೇಡ, ಮಗ ಬರಲಿ ಎಂದು ಹಟ ಹಿಡಿದಳು. ನಾನೇ ಕುಡಿಸಿದೆ. ಲೋಟ ತುಂಬಿ ತಂದವನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ. ಇದು ನನ್ನ ಕಣ್ಣೆದುರಿಗೇ ನಡೆದದ್ದು.